ಎಲ್ಲಕ್ಕಿಂತ ಅಗ್ಗದ ಕಾಗದ

2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಮುಂದೆ ಸಲಿಂಗ ಮದುವೆಯ ಕೇಸು ಬಂತು. ವಿಚಾರಣೆ ಶುರುವಾಗುವ ಮುಂಚೆಯೇ ಕೇಂದ್ರ ಸರ್ಕಾರ ಒಂದು ಅರ್ಜಿ ಹಾಕಿತ್ತು. ಇದು ನಗರದ ಮೇಲ್ವರ್ಗದವರ ಅಭಿಪ್ರಾಯ, ಸಮಾಜ ತಮ್ಮನ್ನು ಒಪ್ಪಲಿ ಅಂತ ಅವರು ಕೇಳುತ್ತಿದ್ದಾರೆ, ಹಳ್ಳಿಗಳ ಮತ್ತು ಸಣ್ಣ ಪಟ್ಟಣಗಳ ಜನರ ಮಾತನ್ನೂ ಲೆಕ್ಕಕ್ಕೆ ತಗೋಬೇಕು ಎನ್ನುವುದು ಅದರ ಸಾರ. ವಿಚಾರಣೆಯ ಎರಡನೇ ದಿನ ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಇದಕ್ಕೆ ನೇರವಾಗಿಯೇ ಉತ್ತರ ಕೊಟ್ಟರು. ಇದು ನಗರದವರದ್ದು ಮಾತ್ರ ಎಂದು ಹೇಳಲು ಸರ್ಕಾರದ ಬಳಿ ಯಾವ ಅಂಕಿ-ಅಂಶವೂ ಇಲ್ಲ ಎಂದರು.

ಹಳ್ಳಿ, ಸಣ್ಣ ಪಟ್ಟಣ ಅಂದರೆ ನಾವು. ಬಳ್ಳಾರಿ, ಕೊಪ್ಪಳ, ರಾಯಚೂರು. ನಮ್ಮ ಹೆಸರು ಹೇಳಿ ದೆಹಲಿಯಲ್ಲಿ ವಾದ ನಡೆಯುತ್ತಿದ್ದಾಗ ಇಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ವಿಧಾನಸಭೆ ಚುನಾವಣೆ. ಸುಡುವ ಬಿಸಿಲಲ್ಲಿ ಓಣಿ ಓಣಿಗೆ ಆಟೋದ ಮೈಕು. ಮೇ 10ಕ್ಕೆ ನಾವು ಮತ ಹಾಕಿದೆವು, ಮೇ 11ಕ್ಕೆ ಆ ಕೇಸಿನ ವಾದ ಮುಗಿಯಿತು. ತೀರ್ಪು ಬಂದದ್ದು ಅದೇ ವರ್ಷ ಅಕ್ಟೋಬರ್ 17ಕ್ಕೆ. ಸಲಿಂಗ ಮದುವೆಗೆ ಮಾನ್ಯತೆ ಸಿಗಲಿಲ್ಲ. ಆ ದಿನ ಟೀ ಅಂಗಡಿಯಲ್ಲಿ ಒಂದು ಗಳಿಗೆ ಮಾತಾಯಿತು. "ಅದೆಲ್ಲ ಬೆಂಗಳೂರು, ಬಾಂಬೆ ಕಡೆಯವರದ್ದು ಬಿಡ್ರಿ" ಅಂದರು. ಮಾತು ಅಲ್ಲಿಗೆ ಮುಗಿಯಿತು.

ನನಗೆ ಮುಗಿಯಲಿಲ್ಲ. ನಾನು ಪತ್ರ ಬರಹಗಾರ. ಬಳ್ಳಾರಿಯ ಸಬ್ ರಿಜಿಸ್ಟ್ರಾರ್ ಆಫೀಸಿನ ಆಸುಪಾಸಿನಲ್ಲೇ ನನ್ನ ದುಡಿಮೆ. ಖರೀದಿ ಪತ್ರ, ದಾನಪತ್ರ, ಉಯಿಲು, ಪಾಲು ಪತ್ರ, ಬಾಡಿಗೆ ಕರಾರು ಬರೆಯುತ್ತೇನೆ. ಮದುವೆ ನೋಂದಣಿಗೆ ಬರುವವರಿಗೆ ಅರ್ಜಿ ತುಂಬಿಸಿ ಕೊಡುತ್ತೇನೆ. ಈ ಕೆಲಸ ಮಾಡುವವರಿಗೆ ಒಂದು ವಿಷಯ ಬಹಳ ಬೇಗ ಗೊತ್ತಾಗುತ್ತದೆ. ಈ ಆಫೀಸಿನಲ್ಲಿ ಸಿಗುವ ಎಲ್ಲ ಕಾಗದಗಳಲ್ಲಿ ಅತಿ ಅಗ್ಗದ್ದು ಮದುವೆಯ ಸರ್ಟಿಫಿಕೇಟು. ಶುಲ್ಕ ತೀರಾ ಕಡಿಮೆ. ಆದರೆ ಆ ಒಂದು ಹಾಳೆ ಮಾಡುವ ಕೆಲಸವನ್ನು ಬೇರೆ ಕಾಗದಗಳಿಂದ ಮಾಡಿಸಲು ಹೋದರೆ ಸಾವಿರಾರು, ಕೆಲವೊಮ್ಮೆ ಲಕ್ಷ ರೂಪಾಯಿ ಬೇಕು. ಅಷ್ಟು ಖರ್ಚು ಮಾಡಿದರೂ ಅರ್ಧ ಕೆಲಸ ಉಳಿದೇ ಇರುತ್ತದೆ.

ಇದು ನನಗೆ ಮನದಟ್ಟಾದದ್ದು ಇಬ್ಬರು ಹೆಣ್ಣುಮಕ್ಕಳಿಂದ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಓಣಿ ಬೇಡ. ಕೆಲವು ವಿವರ ಬದಲಿಸಿದ್ದೇನೆ. ಒಬ್ಬರು ಜೀನ್ಸ್ ಘಟಕದಲ್ಲಿ ಟೇಲರ್. ಬಳ್ಳಾರಿ ಜೀನ್ಸ್ ಅಂದರೆ ದೂರದೂರಿನ ವ್ಯಾಪಾರಿಗಳಿಗೂ ಗೊತ್ತು, ಆದರೆ ಅದನ್ನು ಹೊಲಿಯುವವರ ಕೈ ಯಾರಿಗೂ ಕಾಣುವುದಿಲ್ಲ. ಅವರ ಬೆರಳ ತುದಿಯಲ್ಲಿ ನೀಲಿ ಬಣ್ಣ ಇಳಿದುಹೋಗಿತ್ತು. ಇನ್ನೊಬ್ಬರು ನರ್ಸ್. ಬಹಳ ವರ್ಷದಿಂದ ಒಂದೇ ಮನೆಯಲ್ಲಿ ಬಾಳುತ್ತಿದ್ದಾರೆ. ಓಣಿಯವರು ಅಕ್ಕ-ತಂಗಿ ಅಂದುಕೊಂಡಿದ್ದಾರೆ. ಇವರೂ ಅದನ್ನು ತಿದ್ದಲು ಹೋಗಿಲ್ಲ.

"ಅಣ್ಣಾ, ನಾವಿಬ್ರೂ ಒಂದು ಮನಿಯವರು ಅಂತ ಒಂದು ಕಾಗದ ಮಾಡಿಕೊಡ್ರಿ" ಅಂದರು ಟೇಲರಮ್ಮ.

ಕಾರಣ ಕೇಳಿದೆ. ನರ್ಸ್ ಹೇಳಿದರು. ಟೇಲರಮ್ಮನಿಗೆ ರಾತ್ರಿ ಹೊಟ್ಟೆನೋವು ಬಂದು ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದರಂತೆ. ಅಪೆಂಡಿಕ್ಸ್ ಆಪರೇಷನ್ ಆಗಬೇಕಿತ್ತು. ಸಹಿಗೆ ಫಾರಂ ಬಂತು. "ನೀವು ಪೇಷಂಟಿಗೆ ಏನಾಗಬೇಕು?" ಅಂತ ಕೇಳಿದರು. ಫ್ರೆಂಡ್ ಅಂದರು. ಫ್ರೆಂಡ್ ಸಹಿ ನಡೆಯುವುದಿಲ್ಲ, ಗಂಡನನ್ನೋ ಅಪ್ಪನನ್ನೋ ಅಣ್ಣನನ್ನೋ ಕರೆಸಿ ಅಂದರು. ಸಿರುಗುಪ್ಪ ಕಡೆಯ ಹಳ್ಳಿಯಿಂದ ಅಣ್ಣ ಬರುವವರೆಗೆ ಕಾಯಬೇಕಾಯಿತು. ಆ ಅಣ್ಣ ತಂಗಿಯ ಜೊತೆ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. "ನಾನೂ ನಮ್ಮ ಆಸ್ಪತ್ರೇಲಿ ದಿನಾ ಅದೇ ಪ್ರಶ್ನೆ ಕೇಳ್ತೀನಿ ಅಣ್ಣಾ. ಅವತ್ತು ನನಗೇ ಕೇಳಿದಾಗ ಬಾಯೇ ಬರಲಿಲ್ಲ" ಅಂದರು ನರ್ಸ್.

ಕಾನೂನಿನಲ್ಲಿ ನೋಡಿದರೆ, ಎಚ್ಚರವಿರುವ ವಯಸ್ಕ ರೋಗಿ ತನ್ನ ಚಿಕಿತ್ಸೆಗೆ ತಾನೇ ಒಪ್ಪಿಗೆ ಕೊಡಬಹುದು. ಆದರೆ ಆಸ್ಪತ್ರೆಗಳು ಮನೆಯವರ ಸಹಿ ಇಲ್ಲದೆ ಮುಂದುವರಿಯಲು ಹೆದರುತ್ತವೆ. ಹೆಚ್ಚು-ಕಮ್ಮಿಯಾದರೆ ಗಲಾಟೆ ಮಾಡುವವರು ಯಾರು ಎನ್ನುವ ಲೆಕ್ಕ ಅವರದು.

ಅವರಿಗೆ ಏನೇನು ಮಾಡಿಕೊಡಬಹುದು ಅಂತ ಕೂತು ಬರೆದೆವು. ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕಂದರೆ ಇಡೀ ವಿಷಯ ಇರುವುದೇ ಈ ವಿವರಗಳಲ್ಲಿ.

ಮೊದಲು ಆಸ್ಪತ್ರೆ. ಮುಂಗಡ ವೈದ್ಯಕೀಯ ನಿರ್ದೇಶನ ಎಂಬ ಕಾಗದಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯತೆ ಕೊಟ್ಟಿದೆ. 2023ರಲ್ಲಿ ಅದನ್ನು ಸರಳ ಮಾಡಿತು. ಈಗ ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ನನಗೆ ಪ್ರಜ್ಞೆ ತಪ್ಪಿ ಇನ್ನು ಉಳಿಯುವುದಿಲ್ಲ ಎಂಬ ಸ್ಥಿತಿ ಬಂದರೆ ನನ್ನ ಪರವಾಗಿ ಇಂಥವರು ತೀರ್ಮಾನಿಸಲಿ ಅಂತ ನಂಬಿಕೆಯ ಯಾರ ಹೆಸರನ್ನಾದರೂ ಬರೆಯಬಹುದು. ಒಳ್ಳೆಯ ಕಾಗದ. ಆದರೆ ಅದು ಕೊನೆಗಾಲದ ಮಾತು. ಅಪೆಂಡಿಕ್ಸ್‌ಗೆ ಅದು ಬರುವುದಿಲ್ಲ.

ಆಮೇಲೆ ಮನೆ. ಊರ ಹೊರಗಿನ ಲೇಔಟಿನಲ್ಲಿ ಅವರದ್ದು ಒಂದು ಸಣ್ಣ ಮನೆ. ಕಾಗದ ನರ್ಸ್ ಹೆಸರಲ್ಲಿದೆ, ದುಡ್ಡು ಇಬ್ಬರದ್ದೂ. ಅರ್ಧ ಟೇಲರಮ್ಮನ ಹೆಸರಿಗೆ ಮಾಡಬೇಕು. ಗಂಡ ಹೆಂಡತಿಗೆ ಕೊಟ್ಟರೆ ಅದು ಕುಟುಂಬದೊಳಗಿನ ದಾನಪತ್ರ. ನಮ್ಮ ರಾಜ್ಯದಲ್ಲಿ ಅದಕ್ಕೆ ಮುದ್ರಾಂಕ ಶುಲ್ಕ ಕೆಲವು ಸಾವಿರ ರೂಪಾಯಿಯ ನಿಗದಿ ಮೊತ್ತ ಅಷ್ಟೇ. ಅಪ್ಪ, ಅಮ್ಮ, ಮಕ್ಕಳು, ಅಣ್ಣ-ತಮ್ಮ, ಅಕ್ಕ-ತಂಗಿ ಎಲ್ಲ ಆ ಪಟ್ಟಿಯಲ್ಲಿದ್ದಾರೆ. ಹೊರಗಿನವರಿಗೆ ಕೊಟ್ಟರೆ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ, ಥೇಟ್ ಖರೀದಿಯ ಹಾಗೆ. ಇವರಿಬ್ಬರು ಕಾನೂನಿನ ಕಣ್ಣಲ್ಲಿ ಹೊರಗಿನವರು. ಅಷ್ಟಕ್ಕೇ ನಿಲ್ಲುವುದಿಲ್ಲ. 50,000 ರೂಪಾಯಿ ದಾಟಿದ ದಾನ ಸಂಬಂಧಿಕರಲ್ಲದವರಿಂದ ಬಂದರೆ ಆದಾಯ ತೆರಿಗೆಯವರು ಅದನ್ನು ಪಡೆದವರ ಆದಾಯ ಎಂದೇ ಎಣಿಸುತ್ತಾರೆ. ಈ ತಾರತಮ್ಯವನ್ನೇ ಪ್ರಶ್ನಿಸಿ ಒಂದು ಜೋಡಿ 2025ರಲ್ಲಿ ಬಾಂಬೆ ಹೈಕೋರ್ಟಿಗೆ ಹೋಗಿದೆ.

ನರ್ಸಮ್ಮನ ಪಿಎಫ್ ಮತ್ತು ಗ್ರಾಚ್ಯುಟಿಗೆ ನಾಮಿನಿ ಮಾಡಬೇಕಲ್ಲ? ಅವರ ತಾಯಿ ಬದುಕಿದ್ದಾರೆ, ಮಗಳ ಸಂಬಳದಲ್ಲೇ ಇದ್ದಾರೆ. ಹಾಗಿದ್ದರೆ ನಿಯಮದ ಪ್ರಕಾರ ಅವರಿಗೆ ಕುಟುಂಬ ಇದೆ. ಕುಟುಂಬ ಇರುವವರು ಹೊರಗಿನವರನ್ನು ನಾಮಿನಿ ಮಾಡಿದರೆ ಅದು ಊರ್ಜಿತವಾಗುವುದಿಲ್ಲ. ಎಲ್‌ಐಸಿ ಪಾಲಿಸಿಗೆ ಹೆಸರು ಹಾಕಬಹುದು. ಆದರೆ ನಾಮಿನಿ ಅಂದರೆ ದುಡ್ಡು ಈಸಿಕೊಳ್ಳುವ ಕೈ ಮಾತ್ರ, ಒಡೆತನ ವಾರಸುದಾರರದ್ದು ಅಂತ 1983ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. 2015ರ ತಿದ್ದುಪಡಿಯಲ್ಲಿ ಕೆಲವು ನಾಮಿನಿಗಳಿಗೆ ಒಡೆತನವೂ ಬಂತು. ಯಾರಿಗೆ? ಅಪ್ಪ-ಅಮ್ಮನಿಗೆ, ಗಂಡ ಅಥವಾ ಹೆಂಡತಿಗೆ, ಮಕ್ಕಳಿಗೆ. ಪುನಃ ಅದೇ ಬಾಗಿಲು.

ಉಳಿದದ್ದು ಉಯಿಲು. ಉಯಿಲಿಗೆ ಮುದ್ರಾಂಕ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿ ಇದ್ದರೆ ಆಯಿತು. ಬರೆಯದಿದ್ದರೆ ಏನಾಗುತ್ತದೆ ಅಂತ ಅವರಿಗೆ ಹೇಳಿದೆ. ಮದುವೆಯಾಗದ ಹಿಂದೂ ಹೆಣ್ಣುಮಗಳು ಉಯಿಲಿಲ್ಲದೆ ತೀರಿಕೊಂಡರೆ ಅವಳು ದುಡಿದ ಆಸ್ತಿ ಅಪ್ಪ-ಅಮ್ಮನಿಗೆ, ಅವರೂ ಇಲ್ಲದಿದ್ದರೆ ಅಪ್ಪನ ವಾರಸುದಾರರಿಗೆ ಹೋಗುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮು. ಅಂದರೆ ನರ್ಸಮ್ಮ ಮೊದಲು ಹೋದರೆ, ಟೇಲರಮ್ಮ ತಾನೇ ದುಡ್ಡು ಹಾಕಿದ ಮನೆಯಿಂದ ಹೊರಗೆ ಬರಬೇಕಾಗುತ್ತದೆ.

ಉಯಿಲು ಬರೆಯಲು ಕೂತ ದಿನ ಇಬ್ಬರೂ ಒಟ್ಟಿಗೆ ಬಂದರು. ಪಕ್ಕ ಪಕ್ಕ ಕೂತರು. ಆಗ ನಾನು ಹೇಳಲೇಬೇಕಾದ ಮಾತೊಂದಿತ್ತು.

"ತಂಗಿ, ನೀವು ಹೊರಗ ಕೂತ್ಕೊಳ್ರಿ."

ಟೇಲರಮ್ಮ ನನ್ನ ಮುಖ ನೋಡಿದರು. ಕಾರಣ ವಿವರಿಸಿದೆ. ಮೈಸೂರು ಸೀಮೆಯಿಂದ ಹೋದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ 1958ರಲ್ಲಿ ಒಂದು ತೀರ್ಪು ಕೊಟ್ಟಿದೆ. ಇವತ್ತಿಗೂ ಉಯಿಲಿನ ಪ್ರತಿ ತಕರಾರಿನಲ್ಲಿ ವಕೀಲರು ಓದುವುದು ಅದನ್ನೇ. ಉಯಿಲಿನ ಲಾಭ ಪಡೆಯುವವರೇ ಮುಂದೆ ನಿಂತು ಅದನ್ನು ಬರೆಸಿದ್ದರೆ ಅನುಮಾನಕ್ಕೆ ಎಡೆ. ಹತ್ತಿರದ ವಾರಸುದಾರರನ್ನು ಬಿಟ್ಟು ಬೇರೆಯವರಿಗೆ ಬರೆದಿದ್ದರೂ ಅನುಮಾನ. ಆ ಅನುಮಾನ ಕಳೆಯುವ ಹೊಣೆ ಉಯಿಲು ಹಿಡಿದು ಬಂದವರದ್ದು. ನಾಳೆ ಯಾರಾದರೂ ಕೋರ್ಟಿಗೆ ಹೋದರೆ ನನ್ನನ್ನೂ ಸಾಕ್ಷಿ ಕಟ್ಟೆಗೆ ಕರೆಯುತ್ತಾರೆ. ಬರೆಯುವಾಗ ಅವರು ಅಲ್ಲಿದ್ದರಾ ಅಂತ ಕೇಳುತ್ತಾರೆ. ಇಲ್ಲ ಅಂತ ನಾನು ನಿಜವಾಗಿ ಹೇಳುವಂತಿರಬೇಕು.

ಟೇಲರಮ್ಮ ಎದ್ದು ಹೋಗಿ ಬೇವಿನ ಮರದ ಕೆಳಗೆ ನಿಂತರು. ಒಳಗೆ ನರ್ಸಮ್ಮ ಆಸ್ತಿಯ ಚೆಕ್ಕುಬಂದಿ ಓದಿದರು. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ. ಫಲಾನುಭವಿಯ ಜೊತೆ ಸಂಬಂಧ ಏನು ಅಂತ ಬರೆಯುವ ಜಾಗ ಬಂದಾಗ "ಸ್ನೇಹಿತೆ ಅಂತಲೇ ಬರೀರಿ" ಅಂದರು. ಬರೆದೆ. ಒಂದು ಮನೆಯಲ್ಲಿ ಬಾಳಿದ ಜೀವವನ್ನು ಹೊರಗೆ ನಿಲ್ಲಿಸಿ ಬರೆದರೆ ಮಾತ್ರ ಉಳಿಯುವ ಕಾಗದ ಅದು. ಗಂಡ ಹೆಂಡತಿಗೆ ಉಯಿಲು ಬರೆಯುವಾಗ ಹೆಂಡತಿ ಪಕ್ಕದಲ್ಲಿ ಕೂತಿದ್ದರೆ ಅಷ್ಟು ಅಂಜಿಕೆಯಿಲ್ಲ. ಆಕೆ ಹೇಗಿದ್ದರೂ ವಾರಸುದಾರಳೇ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ದೊಡ್ಡ ಊರಿನ ದುಡ್ಡಿದ್ದ ಜೋಡಿಗೆ ಒಬ್ಬ ಒಳ್ಳೆಯ ವಕೀಲ ಸಿಗುತ್ತಾನೆ. ಟ್ರಸ್ಟ್ ಮಾಡುತ್ತಾರೆ, ಜಂಟಿ ಖರೀದಿ ಮಾಡುತ್ತಾರೆ, ಶುಲ್ಕ ಕಟ್ಟುತ್ತಾರೆ. ಸಂಗಾತಿಗೂ ವಿಮೆ ಕೊಡುವ ಕಂಪನಿಗಳು ಅಲ್ಲಿವೆ. ಬೇಡವಾದರೆ ಪರದೇಶಕ್ಕೆ ಹೋಗಿ ನೆಲೆಸುತ್ತಾರೆ. ಮದುವೆ ಇಲ್ಲದೆಯೂ ಅವರ ಬದುಕು ಹೇಗೋ ಸಾಗುತ್ತದೆ. ಪೀಸಿನ ಲೆಕ್ಕದಲ್ಲಿ ಪ್ಯಾಂಟು ಹೊಲಿಯುವ ಹೆಣ್ಣುಮಗಳಿಗೆ ಅದು ಯಾವುದೂ ಇಲ್ಲ. ಬಡವರಿಗೆ ಕಾನೂನಿನ ರಕ್ಷಣೆ ಸಲೀಸಾಗಿ ಸಿಗುವುದು ಮದುವೆಯ ಮೂಲಕವೇ. ಹಾಗಾಗಿ ಸಲಿಂಗ ಮದುವೆ ಬೆಂಗಳೂರಿಗಿಂತ ಜಾಸ್ತಿ ಬೇಕಿರುವುದು ಬಳ್ಳಾರಿಗೆ, ಕೊಪ್ಪಳಕ್ಕೆ, ರಾಯಚೂರಿಗೆ. ಸರ್ಕಾರದ ಆ ಅರ್ಜಿ ನೂರಕ್ಕೆ ನೂರು ತಲೆಕೆಳಗಾಗಿತ್ತು ಎನ್ನುವುದು ನನ್ನ ಅಭಿಪ್ರಾಯ.

ಕೇಸು ನಡೆದು ಬಂದ ದಾರಿ ಉದ್ದವಾದದ್ದು. 1860ರ ದಂಡ ಸಂಹಿತೆಯ 377ನೇ ಕಲಮು ಸಲಿಂಗ ಸಂಬಂಧವನ್ನೇ ಅಪರಾಧ ಮಾಡಿತ್ತು. 2009ರಲ್ಲಿ ದೆಹಲಿ ಹೈಕೋರ್ಟ್ ವಯಸ್ಕರ ಒಪ್ಪಿಗೆಯ ಸಂಬಂಧವನ್ನು ಅದರಿಂದ ಹೊರಗಿಟ್ಟಿತು. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಆ ಅಪರಾಧದ ಹಣೆಪಟ್ಟಿ ತೆಗೆದರು. ಇತಿಹಾಸ ಇವರ ಕ್ಷಮೆ ಕೇಳಬೇಕು ಎನ್ನುವ ಅರ್ಥದ ಮಾತನ್ನು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅಂದು ಬರೆದರು.

ಜೈಲಿನ ಭಯ ಹೋಯಿತು. ಮನೆಯ ಪ್ರಶ್ನೆ ಉಳಿಯಿತು. 2022ರ ನವೆಂಬರ್‌ನಲ್ಲಿ ಹೈದರಾಬಾದಿನ ಸುಪ್ರಿಯೋ ಚಕ್ರವರ್ತಿ ಮತ್ತು ಅಭಯ್ ಡಾಂಗ್ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಗೆ ಅವಕಾಶ ಕೇಳಿ ಸುಪ್ರೀಂ ಕೋರ್ಟಿಗೆ ಹೋದರು. ಬೇರೆ ಬೇರೆ ಹೈಕೋರ್ಟುಗಳಲ್ಲಿದ್ದ ಇಂಥ ಅರ್ಜಿಗಳೂ ಅಲ್ಲಿಗೇ ಬಂದವು. ವಿಶೇಷ ವಿವಾಹ ಕಾಯ್ದೆ ನಮ್ಮ ಆಫೀಸಿಗೆ ಹೊಸದಲ್ಲ. ಜಾತಿ, ಧರ್ಮ ಮೀರಿ ಮದುವೆಯಾಗುವವರು ಅದರಡಿಯೇ ಬರುತ್ತಾರೆ. ಅರ್ಜಿ ಕೊಟ್ಟ ಮೇಲೆ 30 ದಿನ ನೋಟಿಸು ಬೋರ್ಡಿನಲ್ಲಿ ಹಚ್ಚಿರುತ್ತಾರೆ. ಯಾರು ಬೇಕಾದರೂ ನೋಡಬಹುದು, ತಕರಾರು ಹಾಕಬಹುದು. ಆ ಬೋರ್ಡಿನ ಮುಂದೆ ನಿಂತು ಯಾರ್ಯಾರ ಹೆಸರಿದೆ ಅಂತ ಮೊಬೈಲಿನಲ್ಲಿ ಫೋಟೋ ಹೊಡೆಯುವವರನ್ನು ನೋಡಿದ್ದೇನೆ. ಹುಡುಗ-ಹುಡುಗಿಗೇ ಇಷ್ಟು ಕಷ್ಟವಿದ್ದರೆ, ನಾಳೆ ಇಬ್ಬರು ಹುಡುಗಿಯರ ಹೆಸರು ಅಲ್ಲಿ ಬಂದರೆ 30 ದಿನ ಅವರು ಹೇಗೆ ಬದುಕಬೇಕು? ಕೆಲವು ಅರ್ಜಿದಾರರು ಈ ನೋಟಿಸನ್ನೂ ಪ್ರಶ್ನಿಸಿದ್ದರು. ಅದು ನನಗೆ ಬಹಳ ಸರಿ ಅನಿಸಿತ್ತು.

ತೀರ್ಪಿನಲ್ಲಿ ಮದುವೆಯಾಗುವುದು ಮೂಲಭೂತ ಹಕ್ಕಲ್ಲ ಎನ್ನುವುದನ್ನು ಐವರೂ ಒಪ್ಪಿದರು. ವಿಶೇಷ ವಿವಾಹ ಕಾಯ್ದೆಯನ್ನು ತಾವು ತಿದ್ದಿ ಓದುವುದಿಲ್ಲ, ಅದು ಶಾಸಕಾಂಗದ ಕೆಲಸ ಎಂದರು. ಅಲ್ಲಿಂದ ಮುಂದೆ ಎರಡು ಗುಂಪಾಯಿತು. ಮದುವೆ ಅಲ್ಲದಿದ್ದರೂ ಜೊತೆಯಾಗಿ ಬಾಳುವವರ ಸಂಬಂಧವನ್ನು ಸರ್ಕಾರ ಗುರುತಿಸಬೇಕು ಎಂದವರು ಚಂದ್ರಚೂಡ್ ಮತ್ತು ಸಂಜಯ್ ಕಿಶನ್ ಕೌಲ್. ಜೊತೆಗೆ ಬಾಳುವ ಸ್ವಾತಂತ್ರ್ಯ ಇದೆ, ಆದರೆ ಅದಕ್ಕೆ ಕಾನೂನಿನ ರೂಪ ಕೊಡು ಎಂದು ಸರ್ಕಾರಕ್ಕೆ ಕೋರ್ಟು ಹೇಳಲಾಗದು ಎಂದವರು ರವೀಂದ್ರ ಭಟ್, ಹಿಮಾ ಕೊಹ್ಲಿ ಮತ್ತು ಪಿ.ಎಸ್. ನರಸಿಂಹ. ಮೂವರದ್ದೇ ತೀರ್ಪಾಯಿತು. ಜೋಡಿಯಾಗಿ ಮಗು ದತ್ತು ಪಡೆಯುವ ಮಾತೂ ಅಲ್ಲಿಗೇ ನಿಂತಿತು. ಮರುಪರಿಶೀಲನಾ ಅರ್ಜಿಗಳು 2025ರ ಜನವರಿ 9ರಂದು ವಜಾ ಆದವು. ಅಷ್ಟೊತ್ತಿಗೆ ಮೊದಲ ಪೀಠದ ನಾಲ್ವರು ನಿವೃತ್ತರಾಗಿದ್ದರು. ತೆರೆದ ಕೋರ್ಟಿನಲ್ಲಿ ವಾದಕ್ಕೆ ಅವಕಾಶವೂ ಸಿಗಲಿಲ್ಲ.

ಮೂವರ ತೀರ್ಪು ಓದಿದಾಗ ನನಗೆ ತುಂಬ ನೋವಾದದ್ದು ಒಂದು ಕಡೆ. ಈ ಜೋಡಿಗಳಿಗೆ ಪಿಎಫ್, ಪಿಂಚಣಿ, ವಿಮೆಯಲ್ಲಿ ಅನ್ಯಾಯವಾಗುತ್ತಿದೆ ಅಂತ ಅವರೂ ಒಪ್ಪುತ್ತಾರೆ. ಪರಿಹಾರವನ್ನು ಮಾತ್ರ ಸಂಪುಟ ಕಾರ್ಯದರ್ಶಿಯ ಸಮಿತಿಗೆ ಬಿಡುತ್ತಾರೆ. ಗಾಯ ತೋರಿಸಿದವರಿಗೆ, ಹೌದು ಗಾಯವಿದೆ ಅಂತ ಚೀಟಿ ಬರೆದು ಕಳಿಸಿದ ಹಾಗಾಯಿತು.

ಸಮಿತಿ 2024ರ ಏಪ್ರಿಲ್‌ನಲ್ಲಿ ಆಯಿತು. ಕೆಲವು ಆದೇಶಗಳು ಬಂದವು. ಅವನ್ನು ಕಡೆಗಣಿಸುವುದಿಲ್ಲ, ಯಾಕಂದರೆ ಬಳಸಿಕೊಂಡರೆ ಉಪಯೋಗಕ್ಕೆ ಬರುತ್ತವೆ. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಅಂತ 2024ರ ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯ ಸ್ಪಷ್ಟಪಡಿಸಿತು. ರೇಷನ್ ಕಾರ್ಡಿನಲ್ಲಿ ಸಂಗಾತಿಗಳನ್ನು ಒಂದೇ ಮನೆಯವರೆಂದು ನೋಡಿ ಅಂತ ಆಹಾರ ಇಲಾಖೆ ರಾಜ್ಯಗಳಿಗೆ ತಿಳಿಸಿತು. ಹತ್ತಿರದ ಸಂಬಂಧಿಕರು ಸಿಗದಿದ್ದರೆ ಸಂಗಾತಿ ಶವ ಪಡೆಯಬಹುದು ಅಂತ ಆರೋಗ್ಯ ಸಚಿವಾಲಯ ಪತ್ರ ಬರೆಯಿತು.

ಕೊನೆಯದನ್ನು ಇನ್ನೊಮ್ಮೆ ಓದಿ ನೋಡಿ. ಸಂಬಂಧಿಕರು ಸಿಗದಿದ್ದರೆ. ಮಾತು ಬಿಟ್ಟ ಅಣ್ಣ ಸಿಕ್ಕರೆ ಮಣ್ಣು ಮಾಡುವ ಹಕ್ಕು ಅವನದ್ದೇ.

ರೇಷನ್ ಕಾರ್ಡಿನ ವಿಷಯ ನಮ್ಮ ಕಡೆ ಇನ್ನೂ ಮುಖ್ಯ. ಅಕ್ಕಿ ಅದರ ಮೇಲೆ, ಗೃಹಲಕ್ಷ್ಮಿ ಅದರ ಮೇಲೆ, ಆಸ್ಪತ್ರೆಯ ಸೌಲಭ್ಯಕ್ಕೂ ಮೊದಲು ಕೇಳುವುದು ಅದನ್ನೇ. ನಮ್ಮಲ್ಲಿ ಮನೆ ಅಂದರೆ ರೇಷನ್ ಕಾರ್ಡಿನಲ್ಲಿ ಇರುವವರು. ಅಂಥ ಕಾರ್ಡಿಗೆ ಇಬ್ಬರು ಹೆಣ್ಣುಮಕ್ಕಳು ಸಂಗಾತಿಗಳು ಅಂತ ಅರ್ಜಿ ಹಾಕಬೇಕೆಂದರೆ ಮೊದಲು ಕೌಂಟರಿನ ಮುಂದೆ, ಸಾಲಿನಲ್ಲಿ ನಿಂತ ಓಣಿಯವರ ಎದುರು ಬಾಯಿಬಿಟ್ಟು ಹೇಳಬೇಕು. ನನ್ನ ಬಳಿ ಬಂದ ಇಬ್ಬರೂ ಅದಕ್ಕೆ ಸಿದ್ಧರಿರಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಒಂದು ಸುತ್ತೋಲೆ ಆ ಧೈರ್ಯ ಕೊಡುವುದಿಲ್ಲ. ಕಾಯ್ದೆ ಕೊಡುತ್ತದೆ. ಕೌಂಟರಿನವನು ಒಲ್ಲೆ ಅಂದರೆ ಕಲಮು ತೋರಿಸಿ ಕೇಳಬಹುದು.

ಇದು ನಮ್ಮ ನೆಲದ ಸಂಸ್ಕೃತಿ ಅಲ್ಲ ಎನ್ನುವವರು ಒಂದು ಮಂಗಳವಾರ ಹುಲಿಗಿಗೆ ಹೋಗಿ ಬರಲಿ. ಕೊಪ್ಪಳ ಜಿಲ್ಲೆ, ಮುನಿರಾಬಾದಿನ ಪಕ್ಕ, ತುಂಗಭದ್ರೆಯ ದಂಡೆ. ಹುಲಿಗೆಮ್ಮನ ಗುಡಿ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿ ಜೋಗಪ್ಪಗಳು ತಲೆಯ ಮೇಲೆ ಜಗ, ಅಂದರೆ ದೇವಿಯ ಮೂರ್ತಿ ಇಟ್ಟ ಬುಟ್ಟಿ ಹೊತ್ತು ಬರುತ್ತಾರೆ. ಸೀರೆ ಉಟ್ಟು, ಹಣೆ ತುಂಬ ಭಂಡಾರ ಹಚ್ಚಿ, ಕೈಯಲ್ಲಿ ಚೌಡಿಕೆ ಹಿಡಿದು. ಗಂಡಾಗಿ ಹುಟ್ಟಿದ ಅವರಿಗೆ ಮುತ್ತು ಕಟ್ಟಿ ದೇವಿಗೆ ಬಿಟ್ಟಿರುತ್ತಾರೆ. ದೊಡ್ಡ ದೊಡ್ಡ ಮನೆತನದವರು ಅವರ ಕಾಲಿಗೆ ಬೀಳುತ್ತಾರೆ. ಉಧೋ ಉಧೋ ಅನ್ನುತ್ತಾರೆ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದ ಮಂಜಮ್ಮ ಜೋಗತಿ ಆ ಹಾದಿಯಲ್ಲೇ ನಡೆದು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆಯುವಾಗ ಸೆರಗಿನಿಂದ ರಾಷ್ಟ್ರಪತಿಗೆ ದೃಷ್ಟಿ ತೆಗೆದದ್ದನ್ನು ಇಡೀ ದೇಶ ನೋಡಿತು. ನಮಗೆ ಎಷ್ಟು ಹೆಮ್ಮೆಯಾಯಿತು!

ಜೋಗಪ್ಪಗಳ ಬದುಕು, ಸಲಿಂಗ ಜೋಡಿಯ ಬದುಕು ಒಂದೇ ಅಲ್ಲ. ಎರಡನ್ನೂ ಕಲಸಬಾರದು. ದೇವರಿಗೆ ಬಿಡುವ ಪದ್ಧತಿ ನಮ್ಮ ಭಾಗದ ಎಷ್ಟು ಹೆಣ್ಣುಮಕ್ಕಳ ಬಾಳು ತಿಂದಿದೆ ಎನ್ನುವುದೂ ಗೊತ್ತು. ದೇವದಾಸಿ ಸಮರ್ಪಣೆ ನಿಷೇಧಕ್ಕೆ 1982ರಲ್ಲೇ ಕಾಯ್ದೆ ಬಂದದ್ದು ಅದಕ್ಕೇ. ಆದ್ದರಿಂದ ಹುಲಿಗಿಯನ್ನು ಹೊಗಳಿ ಸುಮ್ನಾಗಲು ನನಗೆ ಆಗುವುದಿಲ್ಲ. ನನ್ನನ್ನು ಕಾಡುವುದು ಬೇರೆ. ಗಂಡಿಗೆ ದೇವಿಯ ಹೆಸರಲ್ಲಿ ಮುತ್ತು ಕಟ್ಟುವುದನ್ನು ಒಪ್ಪುವ ನಾವು, ಆತ ಅಥವಾ ಆಕೆ ಒಬ್ಬ ಮನುಷ್ಯನ ಜೊತೆ ಮನೆ ಮಾಡಿದರೆ ಯಾಕೆ ಒಪ್ಪುವುದಿಲ್ಲ? ನನಗೆ ತೋಚುವ ಕಾರಣ ಇಷ್ಟೇ. ದೇವಿಯ ಜೊತೆಗಿನ ಸಂಬಂಧ ಯಾರ ಹೊಲದಲ್ಲೂ ಪಾಲು ಕೇಳುವುದಿಲ್ಲ. ಖಾತೆ ಬದಲಾಗುವುದಿಲ್ಲ. ಮನುಷ್ಯರ ಸಂಬಂಧ ಕೇಳುತ್ತದೆ. ನಾವು ಸಂಸ್ಕೃತಿ ಅಂತ ಕೂಗುವ ಕಡೆ ಬಹಳ ಸಲ ಕೆಳಗೆ ಒಂದು ಪಹಣಿ ಇರುತ್ತದೆ. ಇಷ್ಟು ವರ್ಷ ಪಾಲು ಪತ್ರ ಬರೆದವನಾಗಿ ಈ ಮಾತನ್ನು ಧೈರ್ಯವಾಗಿ ಹೇಳುತ್ತೇನೆ.

ಇಲ್ಲಿ ಒಂದು ಒಳ್ಳೆಯ ವಿಷಯ ಹೇಳಬೇಕು, ನಮ್ಮ ಭಾಗದ ಬಹಳ ಜನಕ್ಕೆ ಇದು ತಲುಪಿಲ್ಲ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರು ಮತ್ತು ಒಬ್ಬ ಗಂಡು ಮದುವೆಯಾಗುವುದಕ್ಕೆ ಈಗಿರುವ ಕಾನೂನೇ ಸಾಕು. 2019ರಲ್ಲಿ ಮದ್ರಾಸ್ ಹೈಕೋರ್ಟ್ ಹಿಂದೂ ವಿವಾಹ ಕಾಯ್ದೆಯ ವಧು ಅಂದರೆ ಅಂಥ ಹೆಣ್ಣೂ ಸೇರಿ ಎಂದಿತು. 2023ರ ತೀರ್ಪಿನಲ್ಲಿ ಐವರೂ ಅದನ್ನು ಒಪ್ಪಿದ್ದಾರೆ. ಅಂಥ ಜೋಡಿ ನೋಂದಣಿಗೆ ಬಂದರೆ ಆಗುವುದಿಲ್ಲ ಅಂತ ಯಾರೂ ವಾಪಸ್ ಕಳಿಸುವಂತಿಲ್ಲ. ಬಾಗಿಲು ಮುಚ್ಚಿರುವುದು ಇಬ್ಬರು ಹೆಣ್ಣುಮಕ್ಕಳಿಗೆ ಮತ್ತು ಇಬ್ಬರು ಗಂಡಸರಿಗೆ.

ನೇಪಾಳದಲ್ಲಿ 2023ರ ನವೆಂಬರ್‌ನಲ್ಲಿ ಇಂಥ ಮೊದಲ ಮದುವೆ ನೋಂದಣಿ ಆಯಿತು. ರಾಜಧಾನಿ ಕಠ್ಮಂಡುವಿನಲ್ಲಲ್ಲ, ಲಮ್ಜುಂಗ್ ಎಂಬ ಗುಡ್ಡಗಾಡು ಜಿಲ್ಲೆಯಲ್ಲಿ. ಥಾಯ್ಲೆಂಡಿನಲ್ಲಿ 2025ರ ಜನವರಿ 23ರಿಂದ ಸಲಿಂಗ ಮದುವೆಯ ಕಾಯ್ದೆ ಜಾರಿಯಲ್ಲಿದೆ. ಎರಡೂ ನಮ್ಮ ಏಷ್ಯಾದ ದೇಶಗಳೇ.

ಮಕ್ಕಳು ಹೀಗಿದ್ದಾರೆ ಅಂತ ಗೊತ್ತಾದಾಗ ಮನೆಗಳಲ್ಲಿ ಏನಾಗುತ್ತದೆ ಎನ್ನುವುದನ್ನೂ ಬರೆಯಬೇಕಿತ್ತು. ಬೇರೆ ಕಡೆ ಮದುವೆ ಗೊತ್ತು ಮಾಡುತ್ತಾರೆ, ಫೋನ್ ಕಸಿದುಕೊಳ್ಳುತ್ತಾರೆ, ಹುಡುಗಿ ಕಾಣೆಯಾಗಿದ್ದಾಳೆ ಅಂತ ಠಾಣೆಗೆ ಹೋಗುತ್ತಾರೆ. ಅದು ಇನ್ನೊಂದು ಬರಹದ ವಿಷಯ. ಒಂದು ಮಾತ್ರ ಇಲ್ಲೇ ಹೇಳಿಬಿಡುತ್ತೇನೆ. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥ ಕೇಸುಗಳಿಗೆಂದೇ ಹೈಕೋರ್ಟುಗಳಿಗೆ ಮಾರ್ಗಸೂಚಿ ಕೊಟ್ಟಿದೆ. ವಯಸ್ಕರನ್ನು ಕೌನ್ಸೆಲಿಂಗ್ ಹೆಸರಲ್ಲಿ ಮನಸ್ಸು ಬದಲಿಸುವಂತೆ ಒತ್ತಾಯಿಸಬಾರದು, ಅವರ ಇಚ್ಛೆಯನ್ನು ನೇರವಾಗಿ ಕೇಳಬೇಕು. ಠಾಣೆಯ ಮೆಟ್ಟಿಲು ಹತ್ತಬೇಕಾದವರು ಇದನ್ನು ನೆನಪಿಟ್ಟುಕೊಳ್ಳಲಿ.

ಹಾಗಾದರೆ ಸಂಸತ್ತು ಮನಸ್ಸು ಮಾಡುವವರೆಗೆ ಕಾಯುವುದೊಂದೇ ದಾರಿಯಾ? ನನಗೆ ಹಾಗನಿಸುವುದಿಲ್ಲ. ಮದುವೆ, ದತ್ತು, ಉಯಿಲು, ಉತ್ತರಾಧಿಕಾರ ಇವೆಲ್ಲ ಸಂವಿಧಾನದ ಸಮವರ್ತಿ ಪಟ್ಟಿಯ 5ನೇ ನಮೂದಿನಲ್ಲಿವೆ. ಅಂದರೆ ರಾಜ್ಯಕ್ಕೂ ಅಧಿಕಾರವಿದೆ. ಆಸ್ತಿ ಪತ್ರಗಳ ಮುದ್ರಾಂಕ ಶುಲ್ಕವಂತೂ ರಾಜ್ಯದ್ದೇ. ಮದ್ರಾಸ್ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ಜೊತೆಗೆ ಬಾಳುವವರು ತಮ್ಮ ಕುಟುಂಬ ಸಂಬಂಧವನ್ನು ಒಂದು ಪತ್ರದ ಮೂಲಕ ನೋಂದಾಯಿಸುವ ವ್ಯವಸ್ಥೆಯ ಬಗ್ಗೆ ತಮಿಳುನಾಡು ಸರ್ಕಾರಕ್ಕೆ ಸಲಹೆ ಕೊಟ್ಟಿತು. 2025ರಲ್ಲಿ ಅದೇ ಕೋರ್ಟ್, ಕುಟುಂಬ ಕಟ್ಟಲು ಮದುವೆಯೊಂದೇ ದಾರಿಯಲ್ಲ ಎಂದೂ ಹೇಳಿತು. ನಮ್ಮ ರಾಜ್ಯ ಇಂಥ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ಕೆಲಸದಲ್ಲಿ ಶೇಕಡಾ 1ರ ಮೀಸಲಾತಿ ತಂದ ಮೊದಲ ರಾಜ್ಯ ನಮ್ಮದೇ, 2021ರಲ್ಲಿ. ಕಲ್ಯಾಣ ಕರ್ನಾಟಕದವರಾದ ನಮಗೆ, ನಮ್ಮ ಭಾಗದವರಿಗೆ ಓದು ಮತ್ತು ಕೆಲಸದಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371ಜೆ ಎಷ್ಟು ವರ್ಷದ ಕೂಗಿನ ಫಲ ಎನ್ನುವುದೂ ಗೊತ್ತು. ಬೇರೆಯವರಿಗೆ ವಿನಾಯಿತಿಯ ಹಾಗೆ ಕಂಡದ್ದು ನಮ್ಮ ಹುಡುಗರಿಗೆ ಬದುಕಿನ ಬಾಗಿಲಾಗಿತ್ತು.

ನಾನು ಒಂದು ಮನವಿ ಬರೆದಿಟ್ಟಿದ್ದೇನೆ. ಅದರಲ್ಲಿ ದೊಡ್ಡ ಮಾತುಗಳಿಲ್ಲ. 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯಲ್ಲಿ ದಾನಪತ್ರಕ್ಕೆ ಕುಟುಂಬ ಯಾರು ಅಂತ ಹೇಳುವ ವಿವರಣೆಯೊಳಗೆ ಜೊತೆಗೆ ಬಾಳುವ ಸಂಗಾತಿಯನ್ನೂ ಸೇರಿಸಬೇಕು. ಸಂಗಾತಿ ಸಂಬಂಧದ ಘೋಷಣೆಯನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕಡಿಮೆ ಶುಲ್ಕಕ್ಕೆ ನೋಂದಾಯಿಸಲು ಅವಕಾಶ ಕೊಡಬೇಕು, ಅದಕ್ಕೆ ನೋಟಿಸು ಬೋರ್ಡು ಬೇಡ. ಆ ಕಾಗದ ತೋರಿಸಿದವರ ಸಹಿಯನ್ನು ರಾಜ್ಯದ ಆಸ್ಪತ್ರೆಗಳು ಒಪ್ಪಬೇಕು. ನರ್ಸಮ್ಮ ಓದಿ, ಶವ ಪಡೆಯುವುದನ್ನೂ ಸೇರಿಸ್ರಿ ಅಂದರು. ಸೇರಿಸಿದೆ. ಇದನ್ನು ಜಿಲ್ಲಾಧಿಕಾರಿಗಳ ಮೂಲಕ ಕಂದಾಯ ಇಲಾಖೆಗೆ ಕಳಿಸಬೇಕು. ಬಳ್ಳಾರಿ, ಕೊಪ್ಪಳ, ರಾಯಚೂರಿನ ಪತ್ರ ಬರಹಗಾರರು, ವಕೀಲರು, ನೋಟರಿಗಳು ಓದಿ, ತಿದ್ದಬೇಕಾದದ್ದಿದ್ದರೆ ತಿದ್ದಿ, ಸಹಿ ಹಾಕಿಕೊಡಿ.